ಫ್ರೀಟೈಪ್, ಹಾರ್ಫ್‌ಬಝ್ ಎರಡನ್ನೂ ಸ್ಟ್ಯಾಟಿಕ್ ಆಗಿ ಸೇರಿಸಿದರೆ ಲಿಂಕರ್ ಎರರ್, ಕ್ರಮ ಬದಲಿಸಿದರೆ ಬೇರೆ ಎರರ್

ಪ್ರಶ್ನೆ: ಮಂಡಿಬೋರ್ಡ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಅಡಿಕೆ ಮಂಡಿ ಇದೆ. ಆ ದಿನದ ದರ ತೋರಿಸುವ ಎಲ್‌ಇಡಿ ಬೋರ್ಡ್ ಒಂದನ್ನು ಅಲ್ಲಿಗೆ ಮಾಡುತ್ತಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ಸಾಲು, ಪಕ್ಕದಲ್ಲಿ ಕ್ವಿಂಟಾಲಿನ ದರ. ಅಂಗಡಿ ಮುಂದೆ ಹಾಕುವ ಪಿ10 ಪ್ಯಾನೆಲ್‌ಗಳೇ, ಒಂದೊಂದು 32 ಅಡ್ಡ 16 ಪಿಕ್ಸೆಲ್. ಹಿಂದೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ.

ಕನ್ನಡ ಸಾಲು ಕೊಟ್ಟರೆ ಚುಕ್ಕಿಗಳ ಚಿತ್ರ ಮಾಡಿ ಕೊಡುವ ಚಿಕ್ಕ ಸಿ ಲೈಬ್ರರಿ ಬರೆದಿದ್ದೇನೆ. ಅಕ್ಷರ ಜೋಡಿಸುವುದಕ್ಕೆ ಹಾರ್ಫ್‌ಬಝ್, ಚಿತ್ರ ಬಿಡಿಸುವುದಕ್ಕೆ ಫ್ರೀಟೈಪ್. ಮಂಡಿಯಲ್ಲಿ ಕರೆಂಟ್ ಹೋಗಿ ಬರುತ್ತಾ ಇರುತ್ತದೆ, ಹಾಗಾಗಿ ಕಾರ್ಡ್ ರೀಡ್-ಓನ್ಲಿ ಇಟ್ಟಿದ್ದೇನೆ. ಪೈ ಮೇಲೆ ಪ್ಯಾಕೇಜ್ ಹಾಕುವ ಕೆಲಸ ಬೇಡ, ಒಂದೇ ಫೈಲ್ ಕಾಪಿ ಮಾಡಿದರೆ ಓಡಬೇಕು. ಅದಕ್ಕೇ ಎಲ್ಲವೂ ಸ್ಟ್ಯಾಟಿಕ್, ಅಂದರೆ ಲೈಬ್ರರಿಗಳ ಕೋಡೂ ಆ ಫೈಲಿನೊಳಗೇ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04, ಅಲ್ಲೇ ಪೈಗೆ ಪ್ರೋಗ್ರಾಂ ಕಟ್ಟಲು ಕ್ರಾಸ್ ಕಂಪೈಲರ್. ಫ್ರೀಟೈಪ್ 2.13.2 ಮತ್ತು ಹಾರ್ಫ್‌ಬಝ್ 8.3.0 ಎರಡನ್ನೂ ಸೋರ್ಸ್‌ನಿಂದಲೇ ಕಟ್ಟಿದೆ. ಎರಡೂ ತಕರಾರಿಲ್ಲದೆ ಬಿಲ್ಡ್ ಆದವು. ಎಲ್ಲಾ ತುಂಡುಗಳನ್ನು ಒಂದೇ ಪ್ರೋಗ್ರಾಂ ಆಗಿ ಜೋಡಿಸುವ ಕೊನೆಯ ಲಿಂಕ್‌ನಲ್ಲಿ ಮಾತ್ರ ಹೀಗೆ:

ಜಿಸಿಸಿ -ಸ್ಟ್ಯಾಟಿಕ್ ಬೋರ್ಡ್.ಓ -ಎಲ್‌ಹಾರ್ಫ್‌ಬಝ್ -ಎಲ್‌ಫ್ರೀಟೈಪ್

ಎರರ್: ಲಿಬ್‌ಫ್ರೀಟೈಪ್.ಎ ಒಳಗಿನ ಆಟೋಫಿಟ್ ಆಬ್ಜೆಕ್ಟ್‌ನಲ್ಲಿ, ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಚ್‌ಬಿ_ಎಫ್‌ಟಿ_ಫಾಂಟ್_ಕ್ರಿಯೇಟ್.

ಸರಿ, ಕ್ರಮ ತಿರುಗಿಸಿ ಫ್ರೀಟೈಪ್ ಮೊದಲು ಹಾಕಿದರೆ ಆ ಎರರ್ ಮಾಯ. ಬದಲಿಗೆ ಎಚ್‌ಬಿ-ಎಫ್‌ಟಿ ಆಬ್ಜೆಕ್ಟ್‌ನಲ್ಲಿ ಎಫ್‌ಟಿ_ಗೆಟ್_ವೇರ್_ಬ್ಲೆಂಡ್_ಕೋಆರ್ಡಿನೇಟ್ಸ್ ಇಲ್ಲ, ಎಫ್‌ಟಿ_ಡನ್_ಎಂಎಂ_ವೇರ್ ಇಲ್ಲ ಅನ್ನುತ್ತದೆ.

ನನ್ನ ಕೋಡಿನಲ್ಲಿ ಈ ಮೂರರಲ್ಲಿ ಯಾವ ಫಂಕ್ಷನ್ನೂ ಇಲ್ಲ. ವೇರಿಯಬಲ್ ಫಾಂಟ್ (ದಪ್ಪ, ಅಗಲ ಬದಲಿಸಬಹುದಾದ ಫಾಂಟ್) ಕೂಡ ಬಳಸುತ್ತಿಲ್ಲ. ಲೈಬ್ರರಿಯೊಳಗಿನ ಹೆಸರುಗಳನ್ನು ಪಟ್ಟಿ ಮಾಡುವ ಎನ್‌ಎಂ ಹಾಕಿ ನೋಡಿದರೆ ಎರಡು ಲೈಬ್ರರಿಗಳಲ್ಲೂ ಆಯಾ ಸಿಂಬಲ್ ಪಕ್ಕದಲ್ಲಿ ಟಿ ಅಕ್ಷರ ಕಾಣುತ್ತದೆ, ಅಂದರೆ ಫಂಕ್ಷನ್ ಅಲ್ಲೇ ಇದೆ. ಇದ್ದೂ ಇಲ್ಲ ಅಂತ ಯಾಕೆ ಹೇಳುತ್ತದೆ?

ಉತ್ತರ 1: ಬೆಳಗಿನಬಸ್

ಫ್ರೀಟೈಪ್ ಅನ್ನು ಹಾರ್ಫ್‌ಬಝ್ ಇಲ್ಲದೆ ಕಟ್ಟಿ. ಬಿಲ್ಡ್ ಟೂಲ್ ಮೆಸಾನ್ ಆದರೆ ಹಾರ್ಫ್‌ಬಝ್ ಆಪ್ಶನ್ ಡಿಸೇಬಲ್ಡ್, ಕಾನ್ಫಿಗರ್ ಆದರೆ ವಿತ್-ಹಾರ್ಫ್‌ಬಝ್ ಈಕ್ವಲ್ಸ್ ನೋ. ಆಮೇಲೆ ಹಾರ್ಫ್‌ಬಝ್ ಮೊದಲು, ಫ್ರೀಟೈಪ್ ಕೊನೆಗೆ ಬರೆದರೆ ಲಿಂಕ್ ಆಗುತ್ತದೆ. ನಾವು ಆಫೀಸಿನಲ್ಲಿ ಹೀಗೇ ಮಾಡೋದು, ಇದುವರೆಗೆ ತೊಂದರೆ ಬಂದಿಲ್ಲ.

ಉತ್ತರ 2: ಒತ್ತಕ್ಷರ

ಮೇಲಿನ ಉತ್ತರದಿಂದ ಎರರ್ ಖಂಡಿತ ಹೋಗುತ್ತದೆ. ಬೋರ್ಡಿನಲ್ಲಿ ಬರೋದು ಇಂಗ್ಲಿಷ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನೀವು 16 ಪಿಕ್ಸೆಲ್ ಎತ್ತರದಲ್ಲಿ "ಬೆಟ್ಟೆ" ಅಂತ ಬರೆಯಲು ಹೊರಟಿದ್ದೀರಿ. ಆ ಆಪ್ಶನ್ ಆರಿಸಿದರೆ ಪೆಟ್ಟು ಬೀಳೋದು ಸರಿಯಾಗಿ ಅಲ್ಲಿಗೇ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಎರರ್ ಯಾಕೆ ಬರುತ್ತದೆ ಅನ್ನೋದು. ನಿಮ್ಮ ಲಿಂಕರ್ ಗ್ನೂ ಎಲ್‌ಡಿ, ಅದು ಕಮಾಂಡಿನ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಸಲ ನಡೆಯುತ್ತದೆ. ಕೈಯಲ್ಲಿ ಚೀಟಿ ಹಿಡಿದು ಪೇಟೆಗೆ ಹೋದವರ ಹಾಗೆ ಅಂದುಕೊಳ್ಳಿ. ಒಂದು ಅಂಗಡಿಗೆ ಹೋದಾಗ ಚೀಟಿಯಲ್ಲಿ ಏನಿದೆಯೋ ಅಷ್ಟನ್ನೇ ತಗೊಂಡು ಮುಂದಕ್ಕೆ ಹೋಗುತ್ತದೆ. ಮುಂದಿನ ಅಂಗಡಿಯಲ್ಲಿ ಚೀಟಿಗೆ ಹೊಸ ಸಾಮಾನು ಸೇರಿದರೆ, ಅದು ಹಿಂದಿನ ಅಂಗಡಿಯಲ್ಲಿ ಸಿಗುವಂಥದ್ದಾದರೂ ವಾಪಸ್ ಹೋಗೋದಿಲ್ಲ. .ಎ ಫೈಲ್ ಅಂದರೆ ಸುಮ್ನೆ ಒಂದಿಷ್ಟು ಆಬ್ಜೆಕ್ಟ್ ಫೈಲ್‌ಗಳ ಕಟ್ಟು. ಕಟ್ಟು ಬಿಚ್ಚಿ ಆಗ ಬೇಕಾದ ಆಬ್ಜೆಕ್ಟ್ ಮಾತ್ರ ತೆಗೆಯುತ್ತದೆ, ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಎನ್‌ಎಂ ನಿಮಗೆ ಇಡೀ ಕಟ್ಟನ್ನು ತೋರಿಸುತ್ತದೆ. ಲಿಂಕರ್ ಅದರಲ್ಲಿ ಎಷ್ಟನ್ನು ತೆಗೆದುಕೊಂಡಿದೆ ಅನ್ನೋದನ್ನು ಅಲ್ಲ.

ಈಗ ನಿಮ್ಮ ಮೊದಲ ಕಮಾಂಡ್ ನೋಡೋಣ. ಬೋರ್ಡ್.ಓ ಗೆ ಹಾರ್ಫ್‌ಬಝ್‌ನ ಬಫರ್, ಶೇಪ್ ಫಂಕ್ಷನ್‌ಗಳು ಬೇಕು, ಸಿಕ್ಕವು. ಎಚ್‌ಬಿ-ಎಫ್‌ಟಿ ಅನ್ನುವ ಆಬ್ಜೆಕ್ಟನ್ನು ಯಾರೂ ಕೇಳಲಿಲ್ಲ, ಹಾಗಾಗಿ ಅದು ಒಳಗೆ ಬರಲಿಲ್ಲ. ಮುಂದೆ ಫ್ರೀಟೈಪ್. ನೀವು ಎಫ್‌ಟಿ_ಇನಿಟ್_ಫ್ರೀಟೈಪ್ ಕರೆದರೆ ಸಾಕು, ಎಲ್ಲಾ ಮಾಡ್ಯೂಲ್‌ಗಳೂ ಎಳೆದುಕೊಂಡು ಬರುತ್ತವೆ, ಆಟೋಫಿಟ್ ಸಮೇತ. ಆಟೋಫಿಟ್‌ಗೆ ಹಾರ್ಫ್‌ಬಝ್‌ನ ಎಚ್‌ಬಿ_ಎಫ್‌ಟಿ_ಫಾಂಟ್_ಕ್ರಿಯೇಟ್ ಬೇಕು. ಅಷ್ಟರಲ್ಲಿ ಹಾರ್ಫ್‌ಬಝ್ ಹಿಂದೆ ಉಳಿದಿದೆ.

ಎರಡನೇ ಕಮಾಂಡ್. ಫ್ರೀಟೈಪ್ ಮೊದಲು, ಆಟೋಫಿಟ್ ಬಂತು. ಮುಂದೆ ಹಾರ್ಫ್‌ಬಝ್‌ನಿಂದ ಎಚ್‌ಬಿ-ಎಫ್‌ಟಿ ಬಂತು. ಆ ಆಬ್ಜೆಕ್ಟಿನಲ್ಲಿ ವೇರಿಯಬಲ್ ಫಾಂಟ್‌ಗಳಿಗೆ ಬೇಕಾದ ಕೋಡೂ ಇದೆ. ಅದು ಕೇಳುವ ಎಫ್‌ಟಿ_ಗೆಟ್_ವೇರ್_ಬ್ಲೆಂಡ್_ಕೋಆರ್ಡಿನೇಟ್ಸ್, ಎಫ್‌ಟಿ_ಡನ್_ಎಂಎಂ_ವೇರ್ ಎರಡೂ ಫ್ರೀಟೈಪ್‌ನ ಎಫ್‌ಟಿಎಂಎಂ ಎಂಬ ಬೇರೆಯದೇ ಆಬ್ಜೆಕ್ಟಿನಲ್ಲಿವೆ. ಅದನ್ನು ಮೊದಲ ಸುತ್ತಿನಲ್ಲಿ ಯಾರೂ ಕೇಳಿರಲಿಲ್ಲ. ನೀವು ವೇರಿಯಬಲ್ ಫಾಂಟ್ ಬಳಸುತ್ತೀರೋ ಇಲ್ಲವೋ ಅನ್ನೋದು ಲಿಂಕರ್‌ಗೆ ಸಂಬಂಧವೇ ಇಲ್ಲ. ಒಂದು ಆಬ್ಜೆಕ್ಟ್ ಒಳಗೆ ಬಂದರೆ ಸಾಮಾನ್ಯವಾಗಿ ಅದು ಕೇಳೋದನ್ನೆಲ್ಲಾ ಕೊಡಲೇಬೇಕು.

ಅಂದರೆ ಎರಡು ಲೈಬ್ರರಿಗಳೂ ಒಂದನ್ನೊಂದು ನೆಚ್ಚಿಕೊಂಡಿವೆ. ನೀವು ಎರಡನ್ನೂ ಒಂದೊಂದೇ ಸಲ ಬರೆದರೆ ಯಾವ ಕ್ರಮದಲ್ಲೂ ಸರಿಹೋಗೋದಿಲ್ಲ. ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಪಿಕೆಜಿ-ಕಾನ್ಫಿಗ್‌ಗೆ ಸ್ಟ್ಯಾಟಿಕ್ ಅಂತ ಹೇಳಿ ಕೇಳಿದರೂ ಹೆಸರುಗಳನ್ನು ಒಂದೊಂದು ಸಲವೇ ಕೊಡುತ್ತದೆ, ಅದನ್ನು ನಂಬಿ ಕೂರಬೇಡಿ.

ಪರಿಹಾರ ಸುಲಭ. ಎರಡನ್ನೂ ಒಂದು ಗುಂಪಿನಲ್ಲಿ ಹಾಕಿ:

ಜಿಸಿಸಿ -ಸ್ಟ್ಯಾಟಿಕ್ ಬೋರ್ಡ್.ಓ -ಡಬ್ಲ್ಯೂಎಲ್,--ಸ್ಟಾರ್ಟ್-ಗ್ರೂಪ್ -ಎಲ್‌ಹಾರ್ಫ್‌ಬಝ್ -ಎಲ್‌ಫ್ರೀಟೈಪ್ -ಡಬ್ಲ್ಯೂಎಲ್,--ಎಂಡ್-ಗ್ರೂಪ್

ಗುಂಪಿನೊಳಗೆ ಇರುವಷ್ಟನ್ನೂ ಲಿಂಕರ್ ಮತ್ತೆ ಮತ್ತೆ ಸುತ್ತುತ್ತದೆ, ಹೊಸದಾಗಿ ಏನೂ ಸಿಗದ ತನಕ. ಫ್ರೀಟೈಪ್, ಹಾರ್ಫ್‌ಬಝ್, ಮತ್ತೆ ಫ್ರೀಟೈಪ್ ಅಂತ ಮೂರು ಸಲ ಬರೆದರೂ ನಿಮ್ಮ ಕೇಸಿನಲ್ಲಿ ನಡೆಯಬಹುದು. ಆದರೆ ನಾಳೆ ವರ್ಶನ್ ಬದಲಾದಾಗ ಇನ್ನೊಂದು ಸುತ್ತು ಬೇಕಾಗಬಹುದು. ಗುಂಪೇ ಒಳ್ಳೆಯದು. ಯಾವ ಸಿಂಬಲ್ ಯಾರು ಕೇಳಿದರು, ಯಾರು ಕೊಟ್ಟರು ಅಂತ ಕಣ್ಣಾರೆ ನೋಡಬೇಕಾದರೆ ಲಿಂಕರ್‌ಗೆ --ಟ್ರೇಸ್-ಸಿಂಬಲ್ ಕೊಟ್ಟು ಎಚ್‌ಬಿ_ಎಫ್‌ಟಿ_ಫಾಂಟ್_ಕ್ರಿಯೇಟ್ ಹೆಸರು ಹೇಳಿ. ಫೈಲ್ ಸಮೇತ ತೋರಿಸುತ್ತದೆ. ಇಂಥ ಎರರ್ ಬಂದಾಗ ನಾನು ಮೊದಲು ಮಾಡೋದೇ ಅದು.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಫ್ರೀಟೈಪ್‌ಗೆ ಹಾರ್ಫ್‌ಬಝ್ ಯಾಕೆ ಬೇಕು? ಚಿಕ್ಕ ಗಾತ್ರದಲ್ಲಿ ಅಕ್ಷರದ ಗೆರೆಗಳನ್ನು ಪಿಕ್ಸೆಲ್ ಮೇಲೆ ನೆಟ್ಟಗೆ ಕೂರಿಸುವ ಕೆಲಸ ಆಟೋಹಿಂಟರ್‌ನದು, ಮೇಲೆ ಹೇಳಿದ ಆಟೋಫಿಟ್ ಅಂದರೆ ಅದೇ. ಅದಕ್ಕೆ ಪ್ರತಿ ಲಿಪಿಯ ತಲೆಗೆರೆ ಎಲ್ಲಿ, ಕೆಳಗೆರೆ ಎಲ್ಲಿ ಅಂತ ಗೊತ್ತಿರಬೇಕು. ಫ್ರೀಟೈಪ್ ಸೋರ್ಸಿನ ಆಟೋಫಿಟ್ ಫೋಲ್ಡರಿನಲ್ಲಿ ಎಎಫ್‌ಬ್ಲೂ.ಡ್ಯಾಟ್ ಎಂಬ ಫೈಲ್ ಇದೆ, ಒಮ್ಮೆ ತೆರೆದು ನೋಡಿ. ಕನ್ನಡಕ್ಕೇ ಅಂತ ಸಾಲುಗಳಿವೆ. ಮೇಲಿನ ಅಂಚು ಅಳೆಯಲು ಇ, ಊ, ಐ, ಣ ಮುಂತಾದವು, ಕೆಳ ಅಂಚಿಗೆ ಅ, ಉ, ಎ, ಲ ಮುಂತಾದವು. ನಮ್ಮ ಲಿಪಿಗೆ ಯಾರೋ ಕೂತು ಮಾಡಿದ ಕೆಲಸ ಅದು, ಅದನ್ನು ಬಳಸದೆ ಬಿಟ್ಟರೆ ನನಗೆ ಸಂಕಟವಾಗುತ್ತದೆ.

ಆದರೆ ಯಾವ ಗ್ಲಿಫ್ (ಫಾಂಟಿನಲ್ಲಿರುವ ಅಕ್ಷರದ ಚಿತ್ರ) ಕನ್ನಡದ್ದು ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಯೂನಿಕೋಡ್ ಸಂಖ್ಯೆ ಇರುವ ಗ್ಲಿಫ್‌ಗಳು ಫಾಂಟಿನ ಕ್ಯಾರಕ್ಟರ್ ಮ್ಯಾಪಿನಲ್ಲಿ ಸಿಗುತ್ತವೆ. ಟ ಅಲ್ಲಿದೆ. ಅದರ ಒತ್ತು ಇಲ್ಲ. ಟ-ಒತ್ತಿಗೆ ಸ್ವಂತ ಸಂಖ್ಯೆಯೇ ಇಲ್ಲ, ಟ, ವಿರಾಮ, ಟ ಮೂರನ್ನು ಜೋಡಿಸಿದಾಗ ಫಾಂಟಿನ ನಿಯಮದಿಂದ ಹುಟ್ಟುವ ಗ್ಲಿಫ್ ಅದು. ಎಷ್ಟೋ ಫಾಂಟ್‌ಗಳಲ್ಲಿ ಕಾಗುಣಿತದ ಟೆ, ಬೆ ಕೂಡ ಹಾಗೇ, ಪ್ರತ್ಯೇಕ ಗ್ಲಿಫ್‌ಗಳು. ಇವನ್ನೆಲ್ಲಾ ಹುಡುಕಿ "ಇದೂ ಕನ್ನಡದ್ದೇ" ಅಂತ ಆಟೋಹಿಂಟರ್‌ಗೆ ಹೇಳೋದು ಹಾರ್ಫ್‌ಬಝ್. ಅದನ್ನು ತೆಗೆದರೆ ಕ್ಯಾರಕ್ಟರ್ ಮ್ಯಾಪಿನಲ್ಲಿ ಇರುವ ಅಕ್ಷರಗಳಿಗೆ ಮಾತ್ರ ಕನ್ನಡದ ಅಳತೆ ಸಿಗುತ್ತದೆ. ಒತ್ತು, ಕಾಗುಣಿತ ಹೊರಗುಳಿಯುತ್ತವೆ.

ಇಂಗ್ಲಿಷ್‌ನಲ್ಲಿ ಹೆಚ್ಚಿನ ಅಕ್ಷರಗಳು ಮ್ಯಾಪಿನಲ್ಲೇ ಇವೆ, ಹಾಗಾಗಿ ಮೇಲಿನವರಿಗೆ ತೊಂದರೆ ಕಾಣದೆ ಇರೋದು ಸಹಜ. ಕನ್ನಡದಲ್ಲಿ "ರಾಶಿ, ಬೆಟ್ಟೆ" ಎರಡು ಪದ ಬರೆದರೆ ಅರ್ಧಕ್ಕಿಂತ ಜಾಸ್ತಿ ಗ್ಲಿಫ್ ಮ್ಯಾಪಿನ ಹೊರಗೇ ಇರಬಹುದು. ಕಂಪ್ಯೂಟರ್ ಪರದೆಯಲ್ಲಿ ದೊಡ್ಡದಾಗಿ ಬರೆದರೆ ಗೊತ್ತಾಗೋದಿಲ್ಲ. 16 ಪಿಕ್ಸೆಲ್‌ನಲ್ಲಿ, ಅದೂ ಬೂದು ಬಣ್ಣವಿಲ್ಲದೆ ಬರೀ ಉರಿಯುವ-ಆರುವ ಚುಕ್ಕಿಯಲ್ಲಿ, ಖಂಡಿತ ಗೊತ್ತಾಗುತ್ತದೆ.

ಹಾಗಾಗಿ ಬಿಲ್ಡ್ ಕ್ರಮ ಹೀಗಿರಲಿ. ಮೊದಲು ಫ್ರೀಟೈಪ್ ಅನ್ನು ಹಾರ್ಫ್‌ಬಝ್ ಇಲ್ಲದೆ ಕಟ್ಟಿ ಇನ್‌ಸ್ಟಾಲ್ ಮಾಡಿ. ಅದನ್ನು ತೋರಿಸಿ ಹಾರ್ಫ್‌ಬಝ್ ಕಟ್ಟಿ, ಫ್ರೀಟೈಪ್ ಎನೇಬಲ್ಡ್ ಇರಲಿ, ಜಿಲಿಬ್, ಐಸಿಯು, ಕೈರೋ ಮೂರೂ ಡಿಸೇಬಲ್ಡ್. ನಿಮಗೆ ಅವು ಬೇಕಿಲ್ಲ, ಇದ್ದರೆ ಇನ್ನಷ್ಟು ಎರರ್ ತರುತ್ತವೆ. ಆಮೇಲೆ ಅದೇ ಜಾಗಕ್ಕೆ ಫ್ರೀಟೈಪ್ ಅನ್ನು ಹಾರ್ಫ್‌ಬಝ್ ಸಮೇತ ಇನ್ನೊಮ್ಮೆ ಕಟ್ಟಿ. ಈಗ ನಿಮ್ಮ ಹತ್ತಿರ ಇರೋದು ಬಹುಶಃ ಹೀಗೇ ಬಂದದ್ದು, ಯಾಕೆಂದರೆ ಆಟೋಫಿಟ್ ಹಾರ್ಫ್‌ಬಝ್ ಅನ್ನು ಕೇಳುತ್ತಿದೆ. ಗ್ಲಿಫ್ ಲೋಡ್ ಮಾಡುವಾಗ ಟಾರ್ಗೆಟ್ ಮೋನೋ ಜೊತೆಗೆ ಫೋರ್ಸ್ ಆಟೋಹಿಂಟ್ ಫ್ಲ್ಯಾಗನ್ನೂ ಕೊಡಿ. ಫಾಂಟಿನೊಳಗೇ ಹಿಂಟಿಂಗ್ (ಪಿಕ್ಸೆಲ್ ಮೇಲೆ ಕೂರಿಸುವ ಸೂಚನೆ) ಇದ್ದರೆ ಆ ಫ್ಲ್ಯಾಗ್ ಇಲ್ಲದೆ ಆಟೋಹಿಂಟರ್ ಓಡೋದೇ ಇಲ್ಲ, ಆಗ ಇಷ್ಟೆಲ್ಲಾ ಮಾಡಿದ್ದು ದಂಡ.

ಮಂಡಿಬೋರ್ಡ್

ತುಂಬಾ ಧನ್ಯವಾದ. ಗುಂಪು ಹಾಕಿದ ತಕ್ಷಣ ಆ ಮೂರೂ ಎರರ್ ಹೋದವು. ಎರಡು ರೀತಿಯಲ್ಲೂ ಕಟ್ಟಿ "ಬೆಟ್ಟೆ" ಬಿಡಿಸಿ ನೋಡಿದೆ. ಹಾರ್ಫ್‌ಬಝ್ ಇಲ್ಲದ ಫ್ರೀಟೈಪ್‌ನಲ್ಲಿ ಒತ್ತಿನ ಗೆರೆ ಎಡಗಡೆ ಎರಡು ಚುಕ್ಕಿ ದಪ್ಪ, ಬಲಗಡೆ ಒಂದು ಚುಕ್ಕಿ. ನಡುವಿನ ಖಾಲಿ ಜಾಗ ಮುಚ್ಚಿ ಹೋಗಿತ್ತು. ಹಾರ್ಫ್‌ಬಝ್ ಸಮೇತ ಕಟ್ಟಿದ್ದರಲ್ಲಿ ಗೆರೆ ಒಂದೇ ದಪ್ಪ, ಖಾಲಿ ಜಾಗ ಉಳಿದಿದೆ. ಚಿಕ್ಕಪ್ಪನಿಗೆ ಯಾವುದು ಯಾವುದು ಅಂತ ಹೇಳದೆ ತೋರಿಸಿದೆ, ರಸ್ತೆ ಆಚೆಯಿಂದ ಎರಡನೆಯದನ್ನೇ ಓದಲಿಕ್ಕೆ ಆಗೋದು ಅಂದರು.

ಈಗ ಬೇರೆ ಎರರ್‌ಗಳು ಬಂದಿವೆ. ಇನ್‌ಫ್ಲೇಟ್ ಇಲ್ಲ, ಪಿಎನ್‌ಜಿ_ಕ್ರಿಯೇಟ್_ರೀಡ್_ಸ್ಟ್ರಕ್ಟ್ ಇಲ್ಲ, ಬ್ರೋಟ್ಲಿಡಿಕೋಡರ್‌ಡಿಕಂಪ್ರೆಸ್ ಇಲ್ಲ. ಜೊತೆಗೆ "ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್" ಅಂತ ಶುರುವಾಗುವ ಸಾಲುಗಳು. ಇವೂ ಗುಂಪಿಗೆ ಸೇರಬೇಕಾ?

ಒತ್ತಕ್ಷರ

ರಸ್ತೆ ಆಚೆಯಿಂದ ಓದಿ ನೋಡಿದ್ದು ಬಹಳ ಒಳ್ಳೆಯದಾಯಿತು. ಪರೀಕ್ಷೆ ಅಂದರೆ ಅದೇ.

ಈ ಹೊಸ ಎರರ್‌ಗಳಿಗೆ ಗುಂಪು ಬೇಡ. ಇವು ಫ್ರೀಟೈಪ್‌ನ ಸ್ವಂತ ಅವಲಂಬನೆಗಳು, ಒಂದೇ ದಿಕ್ಕಿನವು. ಇನ್‌ಫ್ಲೇಟ್ ಝಡ್‌ಲಿಬ್ ಎಂಬ ಕಂಪ್ರೆಶನ್ ಲೈಬ್ರರಿಯದು, ಪಿಎನ್‌ಜಿ ಬಣ್ಣದ ಎಮೋಜಿ ಚಿತ್ರಗಳಿಗೆ, ಬ್ರೋಟ್ಲಿ ಡಬ್ಲ್ಯೂಓಎಫ್‌ಎಫ್2 ವೆಬ್ ಫಾಂಟ್‌ಗಳಿಗೆ. .ಎಸ್‌ಓ (ಓಡುವಾಗ ಸೇರುವ ಲೈಬ್ರರಿ) ಆಗಿದ್ದರೆ ಫ್ರೀಟೈಪ್ ತನಗೆ ಬೇಕಾದವರ ಹೆಸರನ್ನು ತಾನೇ ಒಳಗೆ ಬರೆದುಕೊಂಡಿರುತ್ತದೆ. .ಎ ಫೈಲಿಗೆ ಆ ನೆನಪಿಲ್ಲ, ನೀವೇ ಹೇಳಬೇಕು. ಅಡಿಕೆ ದರದ ಬೋರ್ಡಿಗೆ ಎಮೋಜಿಯೂ ಬೇಡ, ವೆಬ್ ಫಾಂಟೂ ಬೇಡ. ಫ್ರೀಟೈಪ್ ಕಟ್ಟುವಾಗ ಪಿಎನ್‌ಜಿ, ಬ್ರೋಟ್ಲಿ, ಬಿಝಿಪ್2 ಮೂರನ್ನೂ ಡಿಸೇಬಲ್ಡ್ ಮಾಡಿ. ಝಡ್‌ಲಿಬ್‌ಗೆ ಫ್ರೀಟೈಪ್ ತನ್ನೊಳಗೇ ಒಂದು ಪ್ರತಿ ಇಟ್ಟುಕೊಂಡಿದೆ, ಅದನ್ನು ಬಳಸು ಅಂತ ಹೇಳಿದರೆ ಸಾಕು. ಪಟ್ಟಿಯೇ ಖಾಲಿ.

"ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್" ಅಂದರೆ ಲಿಂಕರ್‌ಗೆ ಲೈಬ್ರರಿ ಸಿಕ್ಕಿದೆ, ಆದರೆ ಬೇರೆ ಪ್ರೊಸೆಸರ್‌ನದು. ನಿಮ್ಮ ಲ್ಯಾಪ್‌ಟಾಪಿನ ಪಿಕೆಜಿ-ಕಾನ್ಫಿಗ್ ಲ್ಯಾಪ್‌ಟಾಪಿನದೇ ಎಕ್ಸ್86 ಫೋಲ್ಡರ್ ತೋರಿಸುತ್ತಿದೆ, ಪೈಗೆ ಬೇಕಾದ್ದು ಆರ್ಮ್. ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್ ಅನ್ನು ನೀವು ಕಟ್ಟಿದ ಫೋಲ್ಡರಿಗೆ ಮಾತ್ರ ತಿರುಗಿಸಿ. ಪಿಕೆಜಿ_ಕಾನ್ಫಿಗ್_ಪಾತ್ ಅಲ್ಲ, ಅದು ಹಳೆಯ ಜಾಗಗಳನ್ನು ಹಾಗೇ ಇಟ್ಟುಕೊಂಡು ಮೇಲೊಂದು ಸೇರಿಸುತ್ತದೆ ಅಷ್ಟೇ. ಇದನ್ನು ಈಗಲೇ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಲ್ಯಾಪ್‌ಟಾಪಿನ ಹೆಡರ್ ಫೈಲ್‌ಗಳು ಸದ್ದಿಲ್ಲದೆ ಒಳಗೆ ಬರುತ್ತವೆ.

ಉತ್ತರ 3: ಹುಬ್ಬಳ್ಳಿಪ್ರೆಸ್

ನನಗೂ ಎಫ್‌ಟಿ_ಡನ್_ಎಂಎಂ_ವೇರ್ ಎರರ್ ಬಂದಿತ್ತು, ಆದರೆ ಲಿಂಕ್ ಮಾಡುವಾಗ ಅಲ್ಲ, ಪ್ರೋಗ್ರಾಂ ಓಡಿಸಿದಾಗ. "ಸಿಂಬಲ್ ಲುಕಪ್ ಎರರ್" ಅಂತ ಹೇಳಿ ಲಿಬ್‌ಹಾರ್ಫ್‌ಬಝ್.ಎಸ್‌ಓ ಹೆಸರು ತೋರಿಸಿ ನಿಂತುಬಿಡುತ್ತಿತ್ತು. ಈ ಥ್ರೆಡ್ ಹುಡುಕಿಕೊಂಡು ಬಂದವರಿಗೆ ಸಹಾಯ ಆಗಬಹುದು ಅಂತ ಬರೆಯುತ್ತಿದ್ದೇನೆ, ಅದಕ್ಕೆ ಗುಂಪು ಮದ್ದಲ್ಲ.

ಆ ಫಂಕ್ಷನ್ ಫ್ರೀಟೈಪ್‌ಗೆ ಬಂದದ್ದು 2.9 ರಲ್ಲಿ, 2018ರಲ್ಲಿ. ನಮ್ಮ ಪ್ರೆಸ್ಸಿನ ಮಶೀನಿನಲ್ಲಿ ಒಂದು ಪ್ರಿಂಟಿಂಗ್ ಸಾಫ್ಟ್‌ವೇರ್ ತನ್ನದೇ ಫೋಲ್ಡರಿನಲ್ಲಿ ಹಳೇ ಲಿಬ್‌ಫ್ರೀಟೈಪ್.ಎಸ್‌ಓ.6 ಇಟ್ಟುಕೊಂಡು, ಎಲ್‌ಡಿ_ಲೈಬ್ರರಿ_ಪಾತ್‌ಗೆ ಆ ಫೋಲ್ಡರ್ ಸೇರಿಸಿತ್ತು. ಹಾರ್ಫ್‌ಬಝ್ ಹೊಸದು, ಸಿಕ್ಕ ಫ್ರೀಟೈಪ್ ಹಳೆಯದು. ಎರಡರ ಹೆಸರಿನ ಕೊನೆಯಲ್ಲೂ ಅದೇ 6 ಇರುವುದರಿಂದ ಹೆಸರು ನೋಡಿ ಗೊತ್ತಾಗೋದಿಲ್ಲ. ಎಲ್‌ಡಿಡಿ ಹಾಕಿ ಯಾವ ಫೋಲ್ಡರಿನದು ಅಂತ ನೋಡಿ. ಇನ್ನೂ ವಿವರ ಬೇಕಾದರೆ ಎಲ್‌ಡಿ_ಡೀಬಗ್ ಈಕ್ವಲ್ಸ್ ಲಿಬ್ಸ್ ಅಂತ ಕೊಟ್ಟು ಓಡಿಸಿ, ಎಲ್ಲೆಲ್ಲಿ ಹುಡುಕಿತು ಅಂತ ಸಾಲು ಸಾಲಾಗಿ ಬರುತ್ತದೆ. ಆ ಸಾಫ್ಟ್‌ವೇರ್ ಶುರುವಾಗುವ ಸ್ಕ್ರಿಪ್ಟಿನಲ್ಲಿ ಮಾತ್ರ ಆ ಫೋಲ್ಡರ್ ಇರುವ ಹಾಗೆ ಮಾಡಿದೆ, ಮಿಕ್ಕಿದ್ದೆಲ್ಲಾ ಸರಿಹೋಯಿತು.

ಉತ್ತರ 4: ಬೆಳಗಿನಬಸ್

ಒತ್ತಿನ ವಿಷಯ ನನಗೆ ಗೊತ್ತಿರಲಿಲ್ಲ, ಒಳ್ಳೆಯ ಮಾಹಿತಿ. ಒಂದು ಅನುಮಾನ. ನಾನು ಇವತ್ತು ಹಾರ್ಫ್‌ಬಝ್ ಸಮೇತ ಕಟ್ಟಿ ಲಿಂಕ್ ಮಾಡಿ ನೋಡಿದೆ. ಗುಂಪು ಹಾಕದೆಯೇ ಆಯಿತು. ಬಳಸಿದ್ದು ಎಲ್‌ಎಲ್‌ಡಿ ಅನ್ನುವ ಬೇರೆ ಲಿಂಕರ್.

ಒತ್ತಕ್ಷರ

ಹೌದು, ಎಲ್‌ಎಲ್‌ಡಿಯಲ್ಲಿ ಆಗುತ್ತದೆ. ಅದು ದಾಟಿ ಬಂದ ಆರ್ಕೈವ್‌ಗಳಲ್ಲಿ ಏನೇನಿತ್ತು ಅಂತ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಬೇಕಾದರೆ ಹಿಂದಿನದರಿಂದಲೂ ತೆಗೆಯುತ್ತದೆ. ಮೋಲ್ಡ್ ಎಂಬ ಲಿಂಕರ್ ಕೂಡ ಹಾಗೇ. ಹಾಗಂತ ಗುಂಪು ತೆಗೆಯಬೇಡಿ. ನಿಮ್ಮ ಲೈಬ್ರರಿಯನ್ನು ಇನ್ನೊಬ್ಬರು ಗ್ನೂ ಎಲ್‌ಡಿಯಲ್ಲಿ ಕಟ್ಟಲು ಹೋದಾಗ ಇದೇ ಎರರ್ ಅವರಿಗೆ ಬರುತ್ತದೆ. ಎಲ್‌ಎಲ್‌ಡಿಗೆ --ವಾರ್ನ್-ಬ್ಯಾಕ್‌ರೆಫ್ಸ್ ಕೊಟ್ಟರೆ ಎಲ್ಲೆಲ್ಲಿ ಹಿಂದಕ್ಕೆ ಹೋಗಬೇಕಾಯಿತು ಅಂತ ಎಚ್ಚರಿಸುತ್ತದೆ, ಅದನ್ನು ಹಾಕಿಕೊಂಡೇ ಬಿಲ್ಡ್ ಮಾಡಿ.

ಹಳೇ ಯುನಿಕ್ಸ್‌ನಲ್ಲಿ ಆರ್ಕೈವ್ ಒಳಗಿನ ಆಬ್ಜೆಕ್ಟ್‌ಗಳನ್ನೂ ಸರಿಯಾದ ಕ್ರಮದಲ್ಲಿ ಇಡಬೇಕಿತ್ತು. ಆ ಕ್ರಮ ಹುಡುಕಲು ಮಾಡಿದ ಕಮಾಂಡೇ ಟಿಸಾರ್ಟ್. ಉಬುಂಟುವಿನಲ್ಲಿ ಇವತ್ತಿಗೂ ಇದೆ. ಅದಕ್ಕೆ ಫ್ರೀಟೈಪ್, ಹಾರ್ಫ್‌ಬಝ್ ಥರದ ಜೋಡಿ ಕೊಟ್ಟರೆ "ಇನ್‌ಪುಟ್‌ನಲ್ಲಿ ಲೂಪ್ ಇದೆ" ಅನ್ನುತ್ತದೆ.

ಮಂಡಿಬೋರ್ಡ್

ಎಲ್ಲಾ ಲಿಂಕ್ ಆಯಿತು, ಪೈ ಮೇಲೂ ಓಡುತ್ತಿದೆ. ಬಿಲ್ಡ್‌ಗೆ ಮೇಕ್‌ಫೈಲ್ ಬಿಟ್ಟು ಸಿಮೇಕ್‌ಗೆ ಹೋಗೋಣ ಅಂದುಕೊಂಡಿದ್ದೇನೆ, ಸಾಗರದ ಸ್ನೇಹಿತರೊಬ್ಬರು ಅವರ ಅಂಗಡಿಗೂ ಇದೇ ಬೋರ್ಡ್ ಕೇಳಿದ್ದಾರೆ. ಅಲ್ಲಿ ಗುಂಪು ಬರೆಯೋದು ಹೇಗೆ?

ಒತ್ತಕ್ಷರ

ಸಿಮೇಕ್ 3.24 ಅಥವಾ ಅದಕ್ಕಿಂತ ಹೊಸದು ಇದ್ದರೆ ಟಾರ್ಗೆಟ್_ಲಿಂಕ್_ಲೈಬ್ರರೀಸ್ ಒಳಗೆ ಲಿಂಕ್_ಗ್ರೂಪ್ ಎಂಬ ಜನರೇಟರ್ ಎಕ್ಸ್‌ಪ್ರೆಶನ್ ಬಳಸಿ, ರೀಸ್ಕ್ಯಾನ್ ಅಂತ ಹೇಳಿ ಎರಡೂ ಲೈಬ್ರರಿಯ ಹೆಸರು ಕೊಡಿ. ಲಿಂಕರ್‌ಗೆ ತಕ್ಕ ಹಾಗೆ ಸ್ಟಾರ್ಟ್-ಗ್ರೂಪ್, ಎಂಡ್-ಗ್ರೂಪ್ ಅದೇ ಹಾಕುತ್ತದೆ. ಉಬುಂಟು 24.04 ರಲ್ಲಿ ಇರೋದು ಅದಕ್ಕಿಂತ ಹೊಸದೇ.

ಇನ್ನೊಂದು ದಾರಿಯೂ ಇದೆ, ನಿಮ್ಮಂಥ ಚಿಕ್ಕ ಪ್ರಾಜೆಕ್ಟಿಗೆ ನನಗೆ ಅದೇ ಇಷ್ಟ. ಹಾರ್ಫ್‌ಬಝ್‌ನ ಸೋರ್ಸ್ ಫೋಲ್ಡರಿನಲ್ಲಿ ಹಾರ್ಫ್‌ಬಝ್.ಸಿಸಿ ಎಂಬ ಒಂದು ಫೈಲ್ ಇದೆ, ಮಿಕ್ಕ ಫೈಲ್‌ಗಳನ್ನೆಲ್ಲಾ ಅದೇ ಒಳಗೆ ಎಳೆದುಕೊಳ್ಳುತ್ತದೆ. ಹ್ಯಾವ್_ಫ್ರೀಟೈಪ್ ಡಿಫೈನ್ ಮಾಡಿ ಅದೊಂದನ್ನೇ ಕಂಪೈಲ್ ಮಾಡಿದರೆ ಇಡೀ ಹಾರ್ಫ್‌ಬಝ್ ಒಂದೇ ಆಬ್ಜೆಕ್ಟ್. ಅದು ಬಂತು ಅಂದರೆ ಎಚ್‌ಬಿ-ಎಫ್‌ಟಿಯೂ ಬಂದ ಹಾಗೆ. ಆಮೇಲೆ ಫ್ರೀಟೈಪ್ ಬರೆದರೆ ಆಟೋಫಿಟ್ ಕೇಳೋದೆಲ್ಲಾ ಆಗಲೇ ಒಳಗಿರುತ್ತದೆ, ಗುಂಪಿನ ಅಗತ್ಯವೇ ಬರೋದಿಲ್ಲ. ಬಳಸದೆ ಉಳಿದ ಕೋಡನ್ನು ತೆಗೆಯಲು ಕಂಪೈಲ್ ಮಾಡುವಾಗ ಫಂಕ್ಷನ್-ಸೆಕ್ಷನ್ಸ್, ಲಿಂಕ್ ಮಾಡುವಾಗ ಜಿಸಿ-ಸೆಕ್ಷನ್ಸ್ ಕೊಡಿ. ಸಾಗರದವರಿಗೆ ಕಳಿಸುವಾಗ ಫ್ರೀಟೈಪ್ ಎರಡನೇ ಸಲ ಕಟ್ಟಿದ್ದೇ ಹೋಗಿದೆಯಾ ಅಂತ ಎನ್‌ಎಂ ಹಾಕಿ ನೋಡಿ: ಲಿಬ್‌ಫ್ರೀಟೈಪ್.ಎ ಒಳಗೆ ಎಚ್‌ಬಿ_ಎಫ್‌ಟಿ_ಫಾಂಟ್_ಕ್ರಿಯೇಟ್ ಪಕ್ಕದಲ್ಲಿ ಯು ಅಕ್ಷರ ಇರಬೇಕು, ಅಂದರೆ ಹೊರಗಿನಿಂದ ಬೇಕಾದದ್ದು. ಆ ಸಾಲೇ ಕಾಣದಿದ್ದರೆ ಅದು ಮೊದಲನೇ ಸಲ ಕಟ್ಟಿದ್ದು.